ಶನಿವಾರ ರಾತ್ರಿಯ ಕರ್ಣ

ಬೆಂಗಳೂರಿನ ಜಾಹೀರಾತು ಕಚೇರಿಗಳಲ್ಲಿ ನಾನು 18 ವರ್ಷ ದುಡಿದೆ. ಅದರಲ್ಲಿ ಕೊನೆಯ 7 ವರ್ಷ ಕ್ರಿಯೇಟಿವ್ ವಿಭಾಗದ ಮುಖ್ಯಸ್ಥನಾಗಿದ್ದೆ. ಬರೆಯುವವರು, ಚಿತ್ರ ಬಿಡಿಸುವವರು, ಫಿಲ್ಮ್ ಎಡಿಟ್ ಮಾಡುವವರು ಎಲ್ಲ ಸೇರಿ 14 ಮಂದಿ ನನ್ನ ಜೊತೆಗಿದ್ದರು. ಆ ದಿನಗಳಲ್ಲಿ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಿಕೊಳ್ಳಬೇಕು. ಅದರಿಂದ ಕಂಪನಿಗೆ ನಷ್ಟವಾಗಲಿಲ್ಲ, ಲಾಭವೇ ಆಯಿತು. ಅದು ತಪ್ಪೆಂದು ತಿಳಿಯಲು ನನಗೆ ಎರಡು ವರ್ಷ ಹಿಡಿದದ್ದೂ ಅದಕ್ಕೇ.

ನಮ್ಮಲ್ಲಿ ಪುತ್ತೂರು ಕಡೆಯ ಒಬ್ಬ ಹುಡುಗ ಕನ್ನಡ ಕಾಪಿರೈಟರ್ ಆಗಿದ್ದ. ಬಹಳ ಒಳ್ಳೆಯ ಬರವಣಿಗೆ, ಆದರೆ ಮೀಟಿಂಗಿನಲ್ಲಿ ಬಾಯಿ ಬಿಡುತ್ತಿರಲಿಲ್ಲ. ಕ್ಲೈಂಟ್ ಎದುರು ಅವನ ಸಾಲುಗಳನ್ನು ನಾನೇ ಓದಿ ಹೇಳುತ್ತಿದ್ದೆ. ಜುಲೈ ತಿಂಗಳ ಒಂದು ಶನಿವಾರ ಅವನು ನನ್ನ ಮೇಜಿನ ಹತ್ತಿರ ಬಂದು ನಿಂತ. "ಸರ್, ಸಂಜೆ ಸ್ವಲ್ಪ ಬೇಗ ಹೊರಡ್ಲಾ? ಒಂದು ಕೂಟ ಉಂಟು" ಎಂದ. ಯಾವ ಕೂಟ ಎಂದು ಕೇಳಿದೆ. "ತಾಳಮದ್ದಳೆ ಸರ್. ನನಗೆ ಅರ್ಥ ಹೇಳ್ಲಿಕ್ಕೆ ಉಂಟು" ಎಂದ.

ನಾನು ತುಮಕೂರು ಕಡೆಯವನು. ತಾಳಮದ್ದಳೆಯ ಹೆಸರು ಕೇಳಿದ್ದೆ, ನೋಡಿರಲಿಲ್ಲ. ಕುತೂಹಲಕ್ಕೆ ಅವನ ಹಿಂದೆಯೇ ಹೋದೆ. ಒಂದು ದೇವಸ್ಥಾನದ ಸಭಾಭವನ. ಹಿಂದೆ ಭಾಗವತರು, ಮದ್ದಳೆ, ಚೆಂಡೆ. ಮುಂದೆ ಬಿಳಿ ಪಂಚೆ, ಶಾಲು ಹೊದ್ದ ಅರ್ಥಧಾರಿಗಳು ಎದುರುಬದುರು ಕೂತಿದ್ದರು. ಯಕ್ಷಗಾನವೇ, ಆದರೆ ವೇಷವಿಲ್ಲ, ಕುಣಿತವಿಲ್ಲ. ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಯ ವಾರದ ಹೊತ್ತಿಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿಡುತ್ತವೆ. ಆಮೇಲೆ ಮಳೆಗಾಲವೆಲ್ಲ ತಾಳಮದ್ದಳೆಯ ಕಾಲ. ಭಾಗವತರು ಪದ ಹಾಡುತ್ತಾರೆ, ಪಾತ್ರಧಾರಿ ಅದಕ್ಕೆ ಅರ್ಥ ಹೇಳುತ್ತಾನೆ. ಬರೆದಿಟ್ಟ ಮಾತು ಒಂದೂ ಇಲ್ಲ. ಎದುರಿನವರು ಏನು ಕೇಳುತ್ತಾರೋ ಅದಕ್ಕೆ ಅಲ್ಲೇ, ಆಗಲೇ ಉತ್ತರ ಹುಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆ ರಾಮದಾಸ ಸಾಮಗರು ದೊಡ್ಡವರಾದದ್ದು ಈ ಬಗೆಯ ಮಾತಿನಿಂದ.

ಅಂದಿನ ಪ್ರಸಂಗ ಕರ್ಣಭೇದನ. ಯುದ್ಧಕ್ಕೆ ಮುಂಚೆ ಕೃಷ್ಣ ಬಂದು ಕರ್ಣನಿಗೆ ಅವನ ಹುಟ್ಟಿನ ಗುಟ್ಟು ಹೇಳುವ ಸನ್ನಿವೇಶ. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಕೃಷ್ಣ, ನಮ್ಮ ಹುಡುಗ ಕರ್ಣ. ಮಾತಿನ ನಡುವೆ ಕೃಷ್ಣ ಕೇಳಿದ: "ಇಷ್ಟು ವರ್ಷ ನಿನ್ನ ಹೆತ್ತವಳು ಯಾರೆಂದು ನೀನು ಯಾಕೆ ಹುಡುಕಲಿಲ್ಲ?" ಹುಡುಗ ಸುಮ್ಮನಾದ. ಸಭೆಯೂ ಸುಮ್ಮನಾಯಿತು. ಅವನಿಗೆ ಉತ್ತರ ಹೊಳೆಯಲಿಲ್ಲವೇನೋ ಎಂದು ನನಗೆ ದಿಗಿಲು. ತುಂಬಾ ಹೊತ್ತಾದ ಮೇಲೆ, ಮೆಲ್ಲಗೆ ಹೇಳಿದ: "ಹುಡುಕಿದ್ದರೆ, ಸಾಕಿದ ರಾಧೆ ಎಲ್ಲಿಗೆ ಹೋಗಬೇಕಿತ್ತು?" ನನ್ನ ಪಕ್ಕದಲ್ಲಿ ಕೂತಿದ್ದ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಲ್ಲಿಗೆ ನಿಲ್ಲಬೇಕಿತ್ತು ನಾನು. ನಿಲ್ಲಲಿಲ್ಲ. ಅಷ್ಟು ಹೊತ್ತಿಗಾಗಲೇ ನನ್ನ ಮೊಬೈಲಿನಲ್ಲಿ ಅದನ್ನೆಲ್ಲ ರೆಕಾರ್ಡ್ ಮಾಡಿಕೊಂಡಿದ್ದೆ.

ಸೋಮವಾರ ಬೆಳಗಿನ ಮೀಟಿಂಗಿನಲ್ಲಿ ಅದನ್ನು ದೊಡ್ಡ ಪರದೆಯ ಮೇಲೆ ಹಾಕಿದೆ. ಅವನನ್ನು ಒಂದು ಮಾತು ಕೇಳಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು, ಅವನು ತಲೆ ತಗ್ಗಿಸಿ ಕೂತಿದ್ದ. ಸಂಕೋಚದ ಹುಡುಗ ಎಂದುಕೊಂಡೆ. ಆಗ ನಮ್ಮ ಕೈಯಲ್ಲಿ ಒಂದು ಚಿನ್ನಾಭರಣ ಮಳಿಗೆಯ ದೀಪಾವಳಿ ಪ್ರಚಾರದ ಕೆಲಸವಿತ್ತು. ಕರ್ಣ, ಕುಂಡಲ, ದಾನ ಎಲ್ಲ ತಾನಾಗಿ ಕೂಡಿಬಂತು ಎನಿಸಿತು. ಮೂವತ್ತು ಸೆಕೆಂಡಿನ ಮೂರು ಫಿಲ್ಮ್. ಬರೆಯುವವನೂ ಅವನೇ, ಕರ್ಣನ ದನಿಯೂ ಅವನದೇ.

"ಸರ್, ಎದುರಿಗೆ ಒಬ್ಬರು ಇಲ್ಲದೆ ಅರ್ಥ ಹೇಳ್ಲಿಕ್ಕೆ ಬರುವುದಿಲ್ಲ" ಎಂದ.

"ಎದುರಿಗೆ ಇಡೀ ಕರ್ನಾಟಕವೇ ಇದೆಯಲ್ಲಪ್ಪ" ಎಂದೆ. ಆ ಮಾತು ಹೇಳಿದಾಗ ನನಗೆ ಹೆಮ್ಮೆಯಾಗಿತ್ತು.

ಸ್ಟುಡಿಯೋದಲ್ಲಿ ಅವನು ಒಂದು ಸಾಲು ಹೇಳಿ ನಿಲ್ಲಿಸಿದರೆ, ಗಾಜಿನ ಈಚೆಯಿಂದ ನಾನು ಗಡಿಯಾರ ತೋರಿಸುತ್ತಿದ್ದೆ. ಮೂವತ್ತು ಸೆಕೆಂಡಿನಲ್ಲಿ ಕೊನೆಯ ಐದು ಮಳಿಗೆಯ ಹೆಸರಿಗೆ, ವಿಳಾಸಕ್ಕೆ. ಉಳಿದ ಇಪ್ಪತ್ತೈದರಲ್ಲಿ ಮೌನಕ್ಕೆ ಜಾಗವಿರಲಿಲ್ಲ. "ಗ್ಯಾಪ್ ಬೇಡ, ಮುಂದಿನ ಸಾಲು ಹಿಡಿ" ಎಂದು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ತಿದ್ದುಪಡಿ, ಮರು ರೆಕಾರ್ಡಿಂಗ್, ಕ್ಲೈಂಟಿನ ಬದಲಾವಣೆ ಎಂದು ಎಂಟು ಶನಿವಾರ ಅವನನ್ನು ಹಿಡಿದಿಟ್ಟುಕೊಂಡೆ. ಅಷ್ಟೂ ಕೂಟಗಳು ಅವನಿಗೆ ತಪ್ಪಿದವು. ಫಿಲ್ಮ್‌ಗಳು ಚೆನ್ನಾಗಿ ಓಡಿದವು. ವಾರ್ಷಿಕ ಸಮಾರಂಭದಲ್ಲಿ ಅವನಿಗೆ ಬಹುಮಾನ ಕೊಡಿಸಿದೆ. ನಾನು ಅವನಿಗೆ ಉಪಕಾರ ಮಾಡಿದ್ದೇನೆ ಎಂದೇ ಮನಸಾರೆ ನಂಬಿದ್ದೆ.

ಅದರ ರುಚಿ ಹತ್ತಿ ಅದನ್ನೊಂದು ಪದ್ಧತಿಯಾಗಿಯೇ ಮಾಡಿದೆ. ಎಲ್ಲರಿಗೂ ಒಂದು ಹಾಳೆ ಹಂಚಿ, ಕೆಲಸದಾಚೆಗೆ ನಿಮಗೆ ಏನಿಷ್ಟ ಬರೆದುಕೊಡಿ ಎಂದೆ. ಹಾಳೆ ತುಂಬಿ ಬಂದವು. ಫಿಲ್ಮ್ ಎಡಿಟರ್ ಪ್ರತಿ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಹಕ್ಕಿ ನೋಡುವವರ ಜೊತೆ ಸೇರುತ್ತಿದ್ದ. ಕ್ಯಾಮೆರಾ ಒಯ್ಯುತ್ತಿರಲಿಲ್ಲ, ಒಂದು ದುರ್ಬೀನು ಮತ್ತು ಒಂದು ನೋಟ್‌ಬುಕ್ ಅಷ್ಟೇ. ಯಾವ ಹಕ್ಕಿ, ಯಾವ ಮರ, ಎಷ್ಟು ಗಂಟೆ ಎಂದು ಬರೆದಿಡುತ್ತಿದ್ದ. ನಾನು ಫೋಟೊ ಕೇಳಿದೆ, ಒಬ್ಬ ಕ್ಲೈಂಟಿಗೆ ಹಕ್ಕಿಗಳ ಕ್ಯಾಲೆಂಡರ್ ಮಾಡೋಣ ಎಂದೆ. ಅವನು ಕ್ಯಾಮೆರಾ ಕೊಂಡ. ಕ್ಯಾಲೆಂಡರ್ ಆಯಿತು. ನೋಟ್‌ಬುಕ್ ನಿಂತುಹೋಯಿತು.

ಮರುವರ್ಷ ಅದೇ ಹಾಳೆ ಮತ್ತೆ ಹಂಚಿದೆ. "ನಿದ್ದೆ." "ಮೊಬೈಲ್ ನೋಡುವುದು." "ವಿಶೇಷ ಏನೂ ಇಲ್ಲ." ಹದಿನಾಲ್ಕು ಹಾಳೆಗಳಲ್ಲಿ ಹನ್ನೊಂದು ಹೀಗೇ ಇದ್ದವು. ಹುಬ್ಬಳ್ಳಿಯ ಆರ್ಟ್ ಡೈರೆಕ್ಟರ್ ಒಬ್ಬಳು ಎರಡು ವರ್ಷವೂ "ಏನೂ ಇಲ್ಲ" ಎಂದೇ ಬರೆದಿದ್ದಳು. ಅವಳು ದಿನವೂ ರಾತ್ರಿ ಕಸೂತಿ ಹಾಕುತ್ತಾಳೆ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ, ಅವಳ ತಂಗಿಯ ಮದುವೆಗೆ ಹೋದಾಗ. ಮದುಮಗಳ ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ಆನೆ. ಗವಂತಿ, ಮುರಗಿ, ನೇಗಿ, ಮೆಂತೆ, ನಾಲ್ಕೂ ಹೊಲಿಗೆ ಅಲ್ಲಿದ್ದವು. ಬಟ್ಟೆಯ ಮೇಲೆ ಗೆರೆ ಎಳೆಯದೆ, ಎಳೆ ಎಣಿಸಿಯೇ ಹಾಕುವ ಕೆಲಸ ಅದು. ಗವಂತಿ, ಮುರಗಿ ಹಾಕಿದ ಕಡೆ ಸೆರಗು ಮಗುಚಿದರೆ ಹಿಂದೆಯೂ ಮುಂದಿನದೇ ಚಿತ್ತಾರ, ಒಂದು ಗಂಟೂ ಕಾಣುವುದಿಲ್ಲ. "ಇದನ್ನ ಯಾಕಮ್ಮ ಹೇಳಲಿಲ್ಲ?" ಎಂದೆ. ಅವಳು ನಕ್ಕು ಹೇಳಿದಳು: "ನಿಮಗ ತೋರಿಸಿದ್ರ ನಾಳೆ ಯಾವುದರ ಪ್ಯಾಕೆಟ್ ಮ್ಯಾಲ ಪ್ರಿಂಟ್ ಆಗ್ತಿತ್ತರಿ ಸರ್."

ಅವಳ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಪುತ್ತೂರಿನ ಹುಡುಗ ಕೆಲಸ ಬಿಟ್ಟು ಒಂದು ತಿಂಗಳಾಗಿತ್ತು.

ರಾಜೀನಾಮೆ ಕೊಟ್ಟ ದಿನ ಅವನನ್ನು ಕಚೇರಿಯ ಎದುರಿನ ಟೀ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಸಂಬಳದ ವಿಷಯವಾದರೆ ಮಾತಾಡೋಣ ಎಂದೆ. ಅವನು ಟೀ ಲೋಟ ಕೈಯಲ್ಲೇ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ:

"ಸಂಬಳ ಅಲ್ಲ ಸರ್. ಹೋದ ತಿಂಗಳು ಕೂಟಕ್ಕೆ ಹೋಗಿದ್ದೆ. ಎದುರಿನವರು ಒಳ್ಳೆ ಪ್ರಶ್ನೆ ಕೇಳಿದರು. ನನಗೆ ಸುಮ್ಮನೆ ಕೂತ್ಕೊಳ್ಳಲಿಕ್ಕೆ ಆಗ್ಲಿಲ್ಲ. ಗ್ಯಾಪ್ ಆಗ್ತದೆ ಅಂತ ಹೆದರಿಕೆ. ಬಾಯಿಗೆ ಬಂದದ್ದು ಹೇಳಿ ಅರ್ಧ ನಿಮಿಷದಲ್ಲಿ ಮುಗಿಸಿಬಿಟ್ಟೆ. ಭಾಗವತರು ನನ್ನ ಮುಖ ನೋಡಿದರು, ಮುಂದಿನ ಪದ ಎತ್ತಿದರು. ರೂಮಿಗೆ ಬಂದು ಅತ್ತೆ ಸರ್. ನನಗೆ ಅದೊಂದೇ ಇದ್ದದ್ದು."

ಆ ಕೊನೆಯ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಅದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಕಸುಬಿನ ಸ್ವರೂಪ ತಿಳಿಯಬೇಕು. ಕ್ರಿಯೇಟಿವ್ ಕಚೇರಿಯಲ್ಲಿ ಕೂತವನು ದಿನವಿಡೀ ಏನಾದರೂ ಹುಟ್ಟಿಸುತ್ತಲೇ ಇರುತ್ತಾನೆ, ಆದರೆ ಅದರಲ್ಲಿ ಒಂದೂ ಅವನದಲ್ಲ. ಕಾನೂನೂ ಅದನ್ನೇ ಹೇಳುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ನೌಕರಿಯ ಭಾಗವಾಗಿ ರಚಿಸಿದ ಕೃತಿಯ ಮೊದಲ ಹಕ್ಕು ನೌಕರಿ ಕೊಟ್ಟವರದು. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ಸಂಬಳ ಕೊಡುತ್ತಾರೆ, ತೆಗೆದುಕೊಳ್ಳುತ್ತಾರೆ. ಆದರೆ ಕೊನೆಯ ಮಾತು ಕ್ಲೈಂಟಿನದು, ಅಳತೆ ಮಾರಾಟದ್ದು, ಗಡಿಯಾರ ನನ್ನಂಥವನದು. ಅಂಥ ದಿನ ಮುಗಿಸಿದವನಿಗೆ ಅಳತೆಯಿಲ್ಲದ ಒಂದು ಜಾಗ ಬೇಕು. ಎಳೆ ಎಣಿಸುವ ಬಟ್ಟೆಯೋ, ಹಕ್ಕಿ ಬಂದು ಕೂರುವ ಕೊಂಬೆಯೋ, ಭಾಗವತರ ಮುಂದಿನ ಚಾಪೆಯೋ, ಯಾವುದಾದರೂ ಸರಿ. ಅಲ್ಲಿ ಅವನು ತಪ್ಪಬಹುದು, ತಡವಾಗಬಹುದು, ಸುಮ್ಮನಿರಬಹುದು. ಅಲ್ಲಿಂದ ತಂದ ಶಕ್ತಿಯಲ್ಲೇ ಅವನು ಸೋಮವಾರ ನಮ್ಮ ಮುಂದೆ ಬಂದು ಕೂರುತ್ತಾನೆ. ನಾನು ಗಡಿಯಾರ ಹಿಡಿದು ಆ ಜಾಗಕ್ಕೂ ನುಗ್ಗಿದೆ.

ಕೆಲಸವೂ ಹವ್ಯಾಸವೂ ಒಂದನ್ನೊಂದು ಮುಟ್ಟಲೇಬಾರದು ಎಂಬುದು ನನ್ನ ಮಾತಲ್ಲ. ಯಶವಂತ ಚಿತ್ತಾಲರು ಮುಂಬೈಯಲ್ಲಿ ಪಾಲಿಮರ್ ತಜ್ಞರಾಗಿ ದುಡಿಯುತ್ತಲೇ ತಮ್ಮೂರು ಹನೇಹಳ್ಳಿಯ ಕಥೆ ಬರೆದರು. 1979ರ 'ಶಿಕಾರಿ'ಯಲ್ಲಿ ಕಂಪನಿಯ ಲೋಕವೇ ಕಾದಂಬರಿಯೊಳಗೆ ಬಂತು. ಜಯಂತ ಕಾಯ್ಕಿಣಿಯವರೂ ಅದೇ ಮುಂಬೈಯಲ್ಲಿ ಔಷಧ ಕಾರ್ಖಾನೆಯ ಕೆಲಸ ಮಾಡುತ್ತ ಆ ಊರಿನ ಕಥೆ ಬರೆದವರು. ಆದರೆ ನಡುವಿನ ಬಾಗಿಲಿನ ಚಿಲಕ ಅವರ ಕೈಯಲ್ಲಿತ್ತು. ಯಾವುದನ್ನು ಒಳಗೆ ಬಿಡಬೇಕು, ಯಾವಾಗ ಬಿಡಬೇಕು ಎಂದು ತೀರ್ಮಾನಿಸಿದವರು ಅವರು. ನನ್ನ ಹುಡುಗನ ವಿಷಯದಲ್ಲಿ ಆ ಚಿಲಕ ತೆಗೆದವನು ನಾನು, ಅದೂ ಹೊರಗಿನಿಂದ. ಅವನು ಬೇಡ ಎಂದು ಹೇಳಿಯೂ ಇದ್ದ. ಎದುರಿಗೆ ಒಬ್ಬರಿಲ್ಲದೆ ಆಗುವುದಿಲ್ಲ ಎಂದದ್ದು ಬೇಡ ಎಂಬ ಮಾತೇ ಆಗಿತ್ತು. ಮೇಲಿನವನ ಎದುರು ಕೆಳಗಿನವರು ಬೇಡ ಎನ್ನುವುದು ಅಷ್ಟು ಮೆಲ್ಲಗೇ. ಕೇಳಿಸಿಕೊಳ್ಳುವ ಹೊಣೆ ಮೇಲಿನವನದು.

ಆ ಮದುವೆಯಿಂದ ಬಂದ ವಾರವೇ ಹಾಳೆ ಹಂಚುವುದನ್ನು ನಿಲ್ಲಿಸಿದೆ. ಶನಿವಾರ ಸಂಜೆ ಆರರ ನಂತರ ಯಾರಿಗೂ ಫೋನ್ ಮಾಡಲಿಲ್ಲ. ಎಡಿಟರನ ಬಳಿ ಹೋಗಿ ಕ್ಯಾಲೆಂಡರ್ ಇನ್ನು ಬೇಡ ಎಂದೆ, ಕ್ಷಮೆ ಕೇಳಿದೆ. ಅವನು ಮತ್ತೆ ನೋಟ್‌ಬುಕ್ ಹಿಡಿದನೋ ಇಲ್ಲವೋ ನಾನು ಕೇಳಲಿಲ್ಲ. ಅದು ಕೇಳಬೇಕಾದ ವಿಷಯವಲ್ಲ ಎಂಬಷ್ಟು ಕಲಿತಿದ್ದೆ.

ಪುತ್ತೂರಿನ ಹುಡುಗ ಈಗ ಬೇರೆ ಕಡೆ ಕೆಲಸದಲ್ಲಿದ್ದಾನೆ. ಎರಡು ಮಳೆಗಾಲ ಕಳೆದ ಮೇಲೆ ಅವನೇ ಒಂದು ಕೂಟದ ಕರಪತ್ರ ಕಳಿಸಿದ. ಪ್ರಸಂಗ ವಾಲಿಮೋಕ್ಷ, ಅವನು ವಾಲಿ. ಮೊಬೈಲನ್ನು ಮನೆಯಲ್ಲೇ ಇಟ್ಟು ಹೋದೆ, ಹಿಂದಿನ ಸಾಲಿನಲ್ಲಿ ಕೂತೆ. ಬಾಣ ನೆಟ್ಟ ವಾಲಿಯನ್ನು ರಾಮ ಏನೋ ಕೇಳಿದ. ಹುಡುಗ ಸುಮ್ಮನಾದ. ಹಳೆಯ ಅಭ್ಯಾಸ, ನನ್ನ ಮನಸ್ಸು ಸೆಕೆಂಡು ಎಣಿಸತೊಡಗಿತು. ಹತ್ತರ ತನಕ ಎಣಿಸಿ ನಿಲ್ಲಿಸಿದೆ. ಅವನು ಇನ್ನೂ ಸುಮ್ಮನಿದ್ದ. ಮದ್ದಳೆಯವರು ಕೈ ಎತ್ತಿಕೊಂಡು ಕಾಯುತ್ತಿದ್ದರು. ನನ್ನ ಗಂಟಲು ಕಟ್ಟಿತು. ಮುಗಿದ ಮೇಲೆ ಬಾಗಿಲ ಬಳಿ ಬಂದು, "ಊಟ ಮಾಡ್ಕೊಂಡೇ ಹೋಗಿ ಸರ್" ಎಂದ. ಪಂಕ್ತಿಯಲ್ಲಿ ಕೂತು ಊಟ ಮಾಡಿ ಬಂದೆ.

ನಾಲ್ಕು ಜನರಿಂದ ಕೆಲಸ ಮಾಡಿಸುವ ಜಾಗದಲ್ಲಿರುವವರಿಗೆ ನನ್ನದೊಂದು ಮನವಿ. ನಿಮ್ಮ ಜೊತೆಗಿರುವವರು ಸಂಜೆಯ ಹೊತ್ತು ಯಾವುದರಲ್ಲಿ ಖುಷಿ ಪಡುತ್ತಾರೆಂದು ಅವರಾಗಿ ಹೇಳಿದರೆ ಪ್ರೀತಿಯಿಂದ ಕೇಳಿ. ಕರೆದರೆ ಹೋಗಿ. ಟಿಕೆಟ್ ಇದ್ದರೆ ದುಡ್ಡು ಕೊಟ್ಟು ಕೊಳ್ಳಿ, ಕೊನೆಯ ತನಕ ಕೂತು ನೋಡಿ. ಬರುವಾಗ ಮಾತ್ರ ಅಲ್ಲಿಂದ ಏನನ್ನೂ ಕಚೇರಿಗೆ ತರಬೇಡಿ.