ಸಮ್ಮೋಹನವೆಂದರೆ ವಶೀಕರಣವೇ?

‘ಹಿಪ್ನಾಟಿಸಂ’ ಅಂದ ಕೂಡಲೇ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಜಾದೂ ಪ್ರದರ್ಶನ. ಕರಿ ಕೋಟಿನವನು ದಿಟ್ಟಿಸಿ ನೋಡಿದ, ಎದುರಿಗಿದ್ದವನು ಹಸಿ ಈರುಳ್ಳಿಯನ್ನು ಸೇಬು ಅಂತ ತಿಂದ, ಜನ ಚಪ್ಪಾಳೆ ತಟ್ಟಿದರು! ಆದರೆ ಇದನ್ನೇ ಚಿಕಿತ್ಸೆಯಾಗಿ ಮಾಡುವವರ ಕೆಲಸ ಬೇರೆಯೇ. ಅದನ್ನು ನಾನು ಹತ್ತಿರದಿಂದ ಕಂಡದ್ದು ಇಲ್ಲಿ ಚೆನ್ನೈಯಲ್ಲಿ, ಚಿಕ್ಕಪ್ಪನ ದೆಸೆಯಿಂದ.

ಚಿಕ್ಕಪ್ಪ ಕುಂದಾಪುರದ ಕಡೆಯವರು, ಟ್ರಿಪ್ಲಿಕೇನಿನ ಹೋಟೆಲೊಂದರಲ್ಲಿ ಗಲ್ಲಾದಲ್ಲಿ ಕೂರುತ್ತಾರೆ. ಎರಡು ವರ್ಷದಿಂದ ಹೊಟ್ಟೆನೋವು. ಊಟಕ್ಕೆ ಕೂತರೆ ಭಯ. ಕೆಲಸ ಬಿಟ್ಟು ಊರಿಗೆ ಹೋಗಿಬಿಡುವ ಯೋಚನೆಯೂ ಬಂದಿತ್ತು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ‘ಕರುಳಿಗೆ ಗಾಯವಿಲ್ಲ, ಇದು ಐ.ಬಿ.ಎಸ್.’ ಎಂದರು. ಮಾತ್ರೆಗಳಿಂದ ಗುಣ ಕಾಣದಾಗ ಅವರೇ ಸಮ್ಮೋಹನ ಚಿಕಿತ್ಸೆ ಕಲಿತ ಮನಃಶಾಸ್ತ್ರಜ್ಞೆಯೊಬ್ಬರ ಹತ್ತಿರ ಕಳಿಸಿದರು.

“ನನ್ ಬುದ್ಧಿ ಅವ್ರ ಕೈಗೆ ಕೊಡುದಾ, ಮಾಣಿ?” ಎಂದು ಹೆದರಿದ ಚಿಕ್ಕಪ್ಪ ನನ್ನನ್ನೂ ಜತೆಗೆ ಕರೆದೊಯ್ದರು.

ಆಕೆ ಮೊದಲು ಡಾಕ್ಟರರ ಚೀಟಿ ಓದಿದರು. ಆಮೇಲೆ ಹೇಳಿದರು: ಎಚ್ಚರ ತಪ್ಪುವುದಿಲ್ಲ, ಬೇಡವೆನಿಸಿದರೆ ಎದ್ದು ಬರಬಹುದು, ಮನಸ್ಸಿನ ಗುಟ್ಟು ಯಾರೂ ಕಸಿಯುವುದಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟು ಅದರ ಬಿಸುಪನ್ನು ಗಮನಿಸಬೇಕು. ಕರುಳಿನ ಚಲನೆ ನದಿಯಂತೆ ಸಲೀಸಾಗುತ್ತಿದೆಯೆಂದು ಮನಸ್ಸಿಗೆ ತಂದುಕೊಳ್ಳಬೇಕು. ಮನೆಯಲ್ಲೂ ದಿನಾ ಅಭ್ಯಾಸ. ಆಕೆ ತಮಿಳಿನಲ್ಲಿ ‘ಆರು’ ಅಂದರು. ಚಿಕ್ಕಪ್ಪನ ಕಣ್ಣಿಗೆ ಬಂದದ್ದು ವಾರಾಹಿ ಹೊಳೆ! ‘ಹಾಗಾದರೆ ಅದನ್ನೇ ನೋಡಿ, ನಿಮ್ಮ ಭಾಷೆಯಲ್ಲೇ ಹೇಳಿಕೊಳ್ಳಿ’ ಎಂದರು ಆಕೆ.

ಇದು ಗಾಳಿಮಾತಲ್ಲ. ಮ್ಯಾಂಚೆಸ್ಟರಿನ ವೈದ್ಯ ಪೀಟರ್ ವೋರ್ವೆಲ್ ಇದೇ ಕಾಯಿಲೆಯವರಲ್ಲಿ ಸಮ್ಮೋಹನವನ್ನು ಪರೀಕ್ಷಿಸಿ 1984ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದಕ್ಕೂ ಬಹಳ ಹಿಂದೆ, 1813ರಲ್ಲಿ, ಗೋವೆಯಲ್ಲಿ ಹುಟ್ಟಿದ ಪಾದ್ರಿ ಅಬ್ಬೆ ಫರಿಯಾ ಪ್ಯಾರಿಸ್ಸಿನಲ್ಲಿ ಉಪನ್ಯಾಸ ಕೊಡತೊಡಗಿದರು. ಶಕ್ತಿ ಇರುವುದು ಸಮ್ಮೋಹಕನ ಕೈಯಲ್ಲಲ್ಲ, ಎದುರು ಕೂತವನ ಮನಸ್ಸಿನಲ್ಲಿ ಎಂಬುದು ಅವರ ವಾದ.

ವಾಣಿಜ್ಯದ ವಿದ್ಯಾರ್ಥಿಯಾಗಿ ಹೇಳುವುದಾದರೆ, ಬಂಡವಾಳ ಪೂರ್ತಿ ರೋಗಿಯದೇ. ಅದನ್ನು ಬಳಸುವ ಕ್ರಮ ಕಲಿಸುವುದಷ್ಟೇ ಚಿಕಿತ್ಸಕರ ಪಾಲು. ಹಾಗಾಗಿ ಒಂದೇ ದಿನದಲ್ಲಿ ಗುಣ ಅನ್ನುವವರನ್ನು, ಹಿಂದಿನ ಜನ್ಮ ತೋರಿಸುತ್ತೇನೆ ಅನ್ನುವವರನ್ನು ದೂರವಿಡಬೇಕು. ಸಮ್ಮೋಹನದಲ್ಲಿ ಮೂಡಿದ ‘ನೆನಪು’ ನಿಜವೇ ಆಗಿರಬೇಕೆಂದಿಲ್ಲ. ಡಾಕ್ಟರರ ಪರೀಕ್ಷೆ ಬೇಡವೆನ್ನುವವರನ್ನಂತೂ ನಂಬಲೇಬಾರದು.

ಮೂರು ತಿಂಗಳಾಯಿತು. ನೋವು ಪೂರಾ ಹೋಗಿಲ್ಲ. ಆದರೆ ಚಿಕ್ಕಪ್ಪ ಈಗ ಹೆದರದೆ ಊಟಕ್ಕೆ ಕೂರುತ್ತಾರೆ, ಊರಿಗೆ ಹೋಗುವ ಮಾತೆತ್ತಿಲ್ಲ. ಮಿತ್ರರೇ, ಇದನ್ನು ವಶೀಕರಣ ಅನ್ನೋಣವೇ? ತನ್ನ ಮನಸ್ಸನ್ನು ತಾನೇ ವಶಮಾಡಿಕೊಳ್ಳುವುದಾದರೆ ಆ ಹೆಸರೂ ಇರಲಿ!