ಕಮಲಾಪುರದ ಹುಡುಗ, ಫಾರ್ಮುಲಾ 4 ಮತ್ತು ನಾವು ಕೇಳದೆ ಬಿಟ್ಟ ಪ್ರಶ್ನೆ

ಸ್ಟೇಶನ್ ಬಜಾರದ ಚಹಾದಂಗಡಿಗೆ ಆ ರೈತ ನಮ್ಮನ್ನು ಹುಡುಕಿಕೊಂಡು ಬಂದದ್ದು 2023ರ ಅಕ್ಟೋಬರ್‌ನಲ್ಲಿ. ಜೊತೆಗೆ ಹದಿನೇಳರ ಮಗ. ಹುಡುಗನ ಎಡಗೈ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ನೇತಾಡುತ್ತಿತ್ತು. ಅಪ್ಪ ಚೀಲದಿಂದ ಒಂದು ಪೇಪರ್ ಕಟಿಂಗ್ ತೆಗೆದು ಟೇಬಲ್ ಮೇಲಿಟ್ಟರು. ಲ್ಯಾಮಿನೇಶನ್ ಮಾಡಿಸಿದ್ದರು.

“ಇದು ಬರ್ದೋರು ನೀವೇ ಏನ್ರೀ?”

ನಾವೇ. (ಸ್ಟ್ರಿಂಗರ್ ಒಬ್ಬನೇ ಇದ್ದರೂ ‘ನಾವು’ ಅಂತಲೇ ಬರೆಯುತ್ತಾನೆ. ತಪ್ಪಾದಾಗ ಹಂಚಿಕೊಳ್ಳಲು ಯಾರಾದರೂ ಇರಲಿ ಅಂತ ಇರಬೇಕು.) ಮೂರು ತಿಂಗಳ ಹಿಂದೆ ಜಿಲ್ಲಾ ಪುಟಕ್ಕೆ ಕಳಿಸಿದ ಸುದ್ದಿ ಅದು. ಕಮಲಾಪುರದ ಹುಡುಗ ಗುಜರಿಯ ಮಾರುತಿ 800ರ ಎಂಜಿನ್ ತೆಗೆದು, ಕಬ್ಬಿಣದ ಪೈಪ್ ಬೆಸುಗೆ ಹಾಕಿ, ಒಬ್ಬನೇ ಕೂಡುವಂಥ ರೇಸ್ ಕಾರು ಮಾಡಿದ್ದಾನೆ ಅಂತ. ‘ಕಮಲಾಪುರದ ಶೂಮಾಕರ್’ ಎಂಬ ಹೆಡ್ಡಿಂಗ್ ಡೆಸ್ಕಿನವರು ಕೊಟ್ಟದ್ದು. ಉಳಿದ 300 ಶಬ್ದ ನಮ್ಮವು. ತಾಸಿಗೆ 80 ಕಿ.ಮೀ. ಓಡುತ್ತದೆ ಅಂತ ಬರೆದೆವು. ಬ್ರೇಕ್ ಹೇಗಿದೆ ಅಂತ ಕೇಳಲಿಲ್ಲ. ಉರುಳಿದರೆ ತಲೆ ಏನಾಗುತ್ತದೆ ಅಂತಲೂ ಕೇಳಲಿಲ್ಲ.

ಸುದ್ದಿ ಬಂದ ಮೇಲೆ ಊರವರು ಹಾರ ಹಾಕಿದರು, ರೀಲ್ ಮಾಡಿದರು. ಹುಡುಗ ಪಿಯುಸಿ ಕ್ಲಾಸಿಗೆ ಹೋಗುವುದು ಬಿಟ್ಟ. ಸೆಪ್ಟೆಂಬರ್‌ನಲ್ಲಿ ಗೆಳೆಯರಿಗೆ ತೋರಿಸಲು ಓಡಿಸುವಾಗ ಕಾರು ರಸ್ತೆ ಬಿಟ್ಟು ಹೊಲದ ಬದುವಿಗೆ ಬಡಿದು ಮಗುಚಿತು. ಕೊರಳೆಲುಬು ಮುರಿಯಿತು. ಮಣ್ಣು ಹಸಿ ಇದ್ದದ್ದಕ್ಕೆ ಅಷ್ಟಕ್ಕೇ ಮುಗಿಯಿತು.

ಅಪ್ಪ ಜಗಳಕ್ಕೆ ಬಂದಿದ್ದಾರೆ ಅಂದುಕೊಂಡಿದ್ದೆವು. ಅವರು ಚಹಾ ಕುಡಿದು ಕೇಳಿದ್ದು ಬೇರೆ.

“ದವಾಖಾನಿಯಾಗ ಮಲಗಿದ್ರೂ ಇವಗ ಅದೇ ಹುಚ್ಚು. ಫೋನ್ದಾಗ ಅದೇ ನೋಡ್ತಾನ. ನೀವು ಬರ್ದೀರಿ, ಈಗ ನೀವೇ ಹೇಳ್ರಿ. ಇದಕ್ಕ ಎಲ್ಲಿ ಸೇರಸ್ಬೇಕು? ಎಷ್ಟು ರೊಕ್ಕ ಬೇಕು?”

ನಮಗೆ ಗೊತ್ತಿರಲಿಲ್ಲ. ತಿಳಿದು ಹೇಳುತ್ತೇವೆ ಅಂದೆವು. ನೆಟೆ ರೋಗದಿಂದ ತೊಗರಿ ಒಣಗಿದ ವರ್ಷದ ಮರುವರ್ಷ ಅದು. ಅವರು ಚಹಾದ ದುಡ್ಡು ನಮಗೆ ಕೊಡಲು ಬಿಡಲಿಲ್ಲ.

ಇನ್ನೊಂದು ಹೇಳಬೇಕು. ನಮ್ಮ ಸುದ್ದಿ ಬಂದ ಕೆಲವೇ ವಾರಕ್ಕೆ, 2023ರ ಆಗಸ್ಟ್ 5ರಂದು, ಬೆಂಗಳೂರಿನ 13 ವರ್ಷದ ಬೈಕ್ ರೇಸ್ ಬಾಲಕ ಚೆನ್ನೈ ಹತ್ತಿರದ ರೇಸ್ ಟ್ರ್ಯಾಕಿನಲ್ಲಿ ಬಿದ್ದು ತೀರಿಕೊಂಡಿದ್ದ. ಆ ಸುದ್ದಿ ನಮ್ಮ ವಾಟ್ಸ್ಆ್ಯಪ್ ಗುಂಪಿಗೂ ಬಂದಿತ್ತು. ಹೆಲ್ಮೆಟ್, ಡಾಕ್ಟರು, ಆಂಬುಲೆನ್ಸ್ ಎಲ್ಲ ಇರುವ ಜಾಗದಲ್ಲೇ ಹಾಗಾಯಿತು. ಕಮಲಾಪುರದ ಹುಡುಗನ ತಲೆಯ ಮೇಲೆ ಆವಾಗ ಏನಿತ್ತು? ನಾವೇ ತೆಗೆದ ಫೋಟೋದಲ್ಲಿ ಅವನು ತಲೆಗೆ ಟವೆಲ್ ಸುತ್ತಿಕೊಂಡಿದ್ದ. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ನಮಗೆ ಆಗ ಬರಲಿಲ್ಲ.

ಹೀಗೆ ನಾವು 2024ರ ಇಡೀ ಸೀಸನ್ ಹಿಂಬಾಲಿಸಿದೆವು. ಬಾಕಿ ತೀರಿಸಲು ಅನ್ನಿ.

ಮೊದಲು ತಿಳಿದದ್ದು: ಮಕ್ಕಳ ರೇಸಿಗೆ ಫಾರ್ಮುಲಾ 4 ಎನ್ನುವುದು ಮೊದಲ ದೊಡ್ಡ ಮೆಟ್ಟಿಲು. ಒಂದೇ ಸೀಟು, ಮೇಲೆ ಚಾವಣಿ ಇಲ್ಲ, ಗಾಲಿ ಹೊರಗೆ. 15 ವರ್ಷ ತುಂಬಿದವರು ಓಡಿಸಬಹುದು. ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ 2014ರಲ್ಲಿ ಈ ದರ್ಜೆ ಶುರು ಮಾಡಿತು. ಭಾರತದ ಫಾರ್ಮುಲಾ 4 ಚಾಂಪಿಯನ್‌ಶಿಪ್ ಮೊದಲು ನಡೆದದ್ದು 2023ರಲ್ಲಿ. ಟಿವಿಯಲ್ಲಿ ಕಾಣುವ ಫಾರ್ಮುಲಾ 1 ಓಡಿಸಲು ಸೂಪರ್ ಲೈಸೆನ್ಸ್ ಬೇಕು. ಅದಕ್ಕೆ ಮೂರು ವರ್ಷದಲ್ಲಿ 40 ಪಾಯಿಂಟ್ ಕೂಡಿಸಬೇಕು. ಫಾರ್ಮುಲಾ 4 ಚಾಂಪಿಯನ್ ಆದವನಿಗೆ ಸಿಗುವುದು 12.

ಹೆಸರು ಭಾರತದ್ದಾದರೂ ಹೊರದೇಶದ ಹುಡುಗರೂ ಸ್ಪರ್ಧಿಸಬಹುದು. 2023ರಲ್ಲಿ ಗೆದ್ದವನು ಆಸ್ಟ್ರೇಲಿಯಾದ ಕೂಪರ್ ವೆಬ್‌ಸ್ಟರ್. 2024ರಲ್ಲಿ ದಕ್ಷಿಣ ಆಫ್ರಿಕಾದ ಅಕೀಲ್ ಅಲಿಭಾಯ್, ಅದೂ ನಮ್ಮ ಪಕ್ಕದ ಹೈದರಾಬಾದ್ ಹೆಸರಿನ ತಂಡದಿಂದ. ನಮ್ಮವರಲ್ಲಿ ಬೆಂಗಳೂರಿನ ರುಹಾನ್ ಆಳ್ವ ಮುಂಚೂಣಿಯಲ್ಲಿ ಓಡಿಸಿದ. ಸಣ್ಣವನಿದ್ದಾಗಿನಿಂದ ಗೋ-ಕಾರ್ಟ್ ಓಡಿಸಿ ಬಂದವನು. ಈ ‘ಸಣ್ಣವನಿದ್ದಾಗಿನಿಂದ’ ಎಂಬ ಮಾತಿನಲ್ಲೇ ಎಲ್ಲ ಇದೆ. ಎಂಟು ವರ್ಷಕ್ಕೇ ಮಕ್ಕಳು ಕಾರ್ಟ್ ಹತ್ತುತ್ತಾರೆ. ನಮ್ಮ ಹುಡುಗ ಎಂಟಕ್ಕೆ ಟ್ರ್ಯಾಕ್ಟರ್ ಸ್ಟೇರಿಂಗ್ ಹಿಡಿದಿದ್ದ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸೀಸನ್ ಆಗಸ್ಟ್ 24, 25ರಂದು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಶುರುವಾಯಿತು. ಮುಂದಿನ ವಾರ ಚೆನ್ನೈ ಊರೊಳಗಿನ ರಸ್ತೆಯಲ್ಲೇ, ರಾತ್ರಿ ದೀಪ ಹಾಕಿ. ಈ ರೇಸ್ 2023ರ ಡಿಸೆಂಬರ್‌ನಲ್ಲೇ ಆಗಬೇಕಿತ್ತು, ಮಿಚಾಂಗ್ ಚಂಡಮಾರುತ ಬಂದು ಮುಂದೆ ಹೋಗಿತ್ತು. ಆ ರಾತ್ರಿ ನಾವು ಮತ್ತು ಹುಡುಗ, ಅವನು ಕಮಲಾಪುರದಲ್ಲಿ, ನಾವು ಸ್ಟೇಶನ್ ಬಜಾರದ ರೂಮಿನಲ್ಲಿ, ಒಂದೇ ರೇಸ್ ಫೋನಿನಲ್ಲಿ ನೋಡಿದೆವು. ಟ್ರ್ಯಾಕಿನೊಳಗೆ ಬೀದಿನಾಯಿ ನುಗ್ಗಿ ಓಟ ತಡವಾಯಿತು. “ಅಣ್ಣಾ, ನಮ್ಮೂರ ರಸ್ತೆ ಇದ್ದಂಗೇ ಅದ” ಅಂತ ಮೆಸೇಜ್ ಹಾಕಿದ. 2011ರಲ್ಲಿ ನೋಯಿಡಾದಲ್ಲಿ ಫಾರ್ಮುಲಾ 1 ಬಂದಾಗಲೂ ಅಭ್ಯಾಸದ ದಿನ ನಾಯಿ ನುಗ್ಗಿತ್ತು. ಭಾರತದ ರೇಸಿಂಗಿಗೆ ನಾಯಿಗಳು ತಪ್ಪದೆ ಹಾಜರಿ ಹಾಕುತ್ತವೆ.

ಉಳಿದ ಸುತ್ತು ಬೇರೆ ಊರುಗಳಲ್ಲಿ ಆಗುತ್ತವೆ ಅಂತ ಹೇಳಿದ್ದರು. ಕೊನೆಗೆ ಎಲ್ಲ ತಮಿಳುನಾಡಿನಲ್ಲೇ ಮುಗಿಯಿತು. ನಮ್ಮ ರಾಜ್ಯದಲ್ಲಿ ಇಂಥ ಕಾರು ಓಡಿಸಲು ಒಂದು ಕಾಯಂ ಟ್ರ್ಯಾಕೂ ಇಲ್ಲ. ಬೆಂಗಳೂರಿನ ಹುಡುಗರೂ ರಾಜ್ಯ ದಾಟಲೇಬೇಕು. ಕಮಲಾಪುರಕ್ಕೂ ಬೆಂಗಳೂರಿಗೂ ಇದೊಂದರಲ್ಲಿ ಸಮಾನತೆ.

ಫೈನಲ್ ನವೆಂಬರ್ 16, 17ಕ್ಕೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ. ಜೆಕೆ ಟೈರ್ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಫೈನಲ್ ಕೂಡ ಅದೇ ಎರಡು ದಿನ, ಅದೇ ಟ್ರ್ಯಾಕ್. ಕುರ್ಲಾ–ಕೊಯಮತ್ತೂರು ಗಾಡಿ ನಮ್ಮ ಸ್ಟೇಶನ್ನಿನಲ್ಲೇ ನಿಲ್ಲುತ್ತದೆ. ಅಪ್ಪನಿಗೆ ಫೋನ್ ಮಾಡಿ ಕೇಳಿದೆವು. ಬಹಳ ಹೊತ್ತು ಸುಮ್ಮನಿದ್ದು, “ಕರ್ಕೊಂಡು ಹೋಗ್ರಿ. ಓಡ್ಸಾಕ ಮಾತ್ರ ಬಿಡಬ್ಯಾಡ್ರಿ” ಅಂದರು. ಓಡಿಸಲು ಯಾರು ಕೊಡುತ್ತಿದ್ದರು!

ಜನರಲ್ ಡಬ್ಬಿ. ವಾಡಿ, ರಾಯಚೂರು, ಗುಂತಕಲ್, ರಾತ್ರಿ ಬೆಂಗಳೂರು, ಆಮೇಲೆ ಸೇಲಂ. ಹುಡುಗನ ತಾಯಿ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಕಮಲಾಪುರದ ಕೆಂಪು ಬಾಳೆಹಣ್ಣು. ದಾರಿಯಲ್ಲಿ ನಾವು ಓದಿಕೊಂಡಿದ್ದ ಕರಿವರ್ಧನ್ ಕಥೆ ಹೇಳಿದೆವು.

ಎಸ್. ಕರಿವರ್ಧನ್ ಕೊಯಮತ್ತೂರಿನ ಗಿರಣಿ ಮಾಲೀಕರ ಮನೆತನದವರು. ರೇಸ್ ಹುಚ್ಚು. ಹೊರದೇಶದಿಂದ ಕಾರು ತರಿಸುವುದು ದೊಡ್ಡ ಶ್ರೀಮಂತರಿಗೆ ಮಾತ್ರ ಆಗುತ್ತಿದ್ದ ಕಾಲ. ವಿಜಯ್ ಮಲ್ಯ ಚೆನ್ನೈನ ಶೋಲಾವರಂ ಏರ್‌ಸ್ಟ್ರಿಪ್‌ನಲ್ಲಿ ಹಳೆಯ ಫಾರ್ಮುಲಾ 1 ಕಾರನ್ನೇ ತಂದು ಓಡಿಸಿದ್ದರು. ಕರಿವರ್ಧನ್ ಏನು ಮಾಡಿದರೆಂದರೆ, ಎಲ್ಲರ ಮನೆ ಮುಂದೆ ನಿಲ್ಲುವ ಮಾರುತಿ 800ರ ಎಂಜಿನ್ ತೆಗೆದು ಒಂದೇ ಸೀಟಿನ ಸಣ್ಣ ರೇಸ್ ಕಾರು ಕಟ್ಟಿದರು. ಹೆಸರು ಫಾರ್ಮುಲಾ ಮಾರುತಿ. ಭಾರತದ ಮೊದಲ ಫಾರ್ಮುಲಾ 1 ಚಾಲಕ ನಾರಾಯಣ್ ಕಾರ್ತಿಕೇಯನ್ ಕಲಿತದ್ದು ಅದರಲ್ಲೇ. 1995ರಲ್ಲಿ ಕರಿವರ್ಧನ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಟ್ರ್ಯಾಕಿಗೆ ಅವರದೇ ಹೆಸರು.

ಹುಡುಗ ಕಿಟಕಿಯ ಕಡೆ ನೋಡುತ್ತಿದ್ದವನು ತಿರುಗಿದ.

“ಮಾರುತಿ 800? ಮೂರು ಸಿಲಿಂಡರ್ದು, 796 ಸಿಸಿ?”

ಅದೇ ಅಂದೆವು. ಅವನು ಸೇಲಂವರೆಗೆ ಮತ್ತೆ ಮಾತಾಡಲಿಲ್ಲ. ಇಡೀ ಪ್ರವಾಸದಲ್ಲಿ ಅವನ ಮುಖದಲ್ಲಿ ಅಂಥ ಕಳೆ ನಾವು ನೋಡಿದ್ದು ಅದೊಂದೇ ಸಲ.

ಟ್ರ್ಯಾಕ್ ಇರುವುದು ಚೆಟ್ಟಿಪಾಳ್ಯಂನಲ್ಲಿ. ಉದ್ದ 2.1 ಕಿ.ಮೀ.ನಷ್ಟು. ಸದ್ದು ಕಿವಿಗೆ ಬರುವುದಕ್ಕೆ ಮೊದಲು ಎದೆಗೆ ಬರುತ್ತದೆ. ಸುಟ್ಟ ರಬ್ಬರ್ ವಾಸನೆ. ಪ್ರೆಸ್ ಕಾರ್ಡ್ ತೋರಿಸಿ, ಕೈಮುಗಿದು, ಕಾರು ನಿಲ್ಲುವ ಟೆಂಟುಗಳ ತನಕ ಹೋದೆವು. ಫಾರ್ಮುಲಾ 4 ಕಡೆ ಕಾರುಗಳೆಲ್ಲ ಫ್ರಾನ್ಸ್‌ನ ಮಿಗಾಲ್ ಕಂಪನಿಯವು, ತಲೆ ಸುತ್ತ ಹೇಲೋ ಎನ್ನುವ ಗಟ್ಟಿ ಕಮಾನು. ಹದಿನಾರು ಹದಿನೇಳರ ಹುಡುಗರು, ಹಿಂದೆ ನೀರಿನ ಬಾಟಲಿ ಹಿಡಿದ ಅಪ್ಪಂದಿರು. ಆ ಅಪ್ಪಂದಿರನ್ನು ನೋಡಿದಾಗ ನಮ್ಮ ಅಪ್ಪನ ಪ್ರಶ್ನೆಗೆ ಉತ್ತರ ಅರ್ಧ ಸಿಕ್ಕಿತು.

ನಮ್ಮವನು ಅಲ್ಲಿ ಹೆಚ್ಚು ನಿಲ್ಲಲಿಲ್ಲ. ಎಲ್‌ಜಿಬಿ ಫಾರ್ಮುಲಾ 4 ಟೆಂಟಿಗೆ ಹೋದ. ಹೆಸರು ಒಂದೇ ಆದರೂ ಇದು ಬೇರೆ, ದೇಶದಲ್ಲೇ ಕಟ್ಟಿದ ಕಾರು. ಎಂಜಿನ್ ಮಾರುತಿ ಸ್ವಿಫ್ಟ್‌ನದು. ಒಬ್ಬ ತಮಿಳು ಮೆಕ್ಯಾನಿಕ್ ನಟ್ ಬಿಗಿ ಮಾಡುತ್ತಿದ್ದ. ಇವನ ಹಿಂದಿ ಅವನಿಗೆ ಅರ್ಧ, ಅವನ ಹಿಂದಿ ಇವನಿಗೆ ಅರ್ಧ. ಎಷ್ಟು ಸ್ಪೀಡ್ ಹೋಗುತ್ತದೆ ಅಂತ ಕೇಳುತ್ತಾನೆ ಅಂದುಕೊಂಡಿದ್ದೆವು. ಅವನು ಚಾಲಕನ ತಲೆಯ ಹಿಂದಿನ ಕಮಾನು ಮುಟ್ಟಿ, “ಪೈಪ್ ಎಷ್ಟು ದಪ್ಪ?” ಅಂತ ಕೇಳಿದ.

ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟ. ಕಾರು ಬೋರಲಾದರೆ ಭಾರ ತಲೆಯ ಮೇಲೆ ಬೀಳದೆ ಆ ಕಮಾನಿನ ಮೇಲೆ ಬೀಳಬೇಕು. ಬೆಲ್ಟುಗಳು ಭುಜ, ಸೊಂಟ, ತೊಡೆ ಸಂದು ಎಲ್ಲ ಕಡೆಯಿಂದ ಬಂದು ಒಂದು ಬಕಲ್ಲಿಗೆ ಸೇರುತ್ತವೆ. ಒಂದು ತಿರುವಿಗೆ ಎಲ್ಲವೂ ಒಮ್ಮೆಲೇ ಬಿಚ್ಚಬೇಕು. ಹೆಲ್ಮೆಟ್ಟಿಗೆ ಸಿಕ್ಕಿಸುವ ಹಾನ್ಸ್ ಎಂಬ ಪಟ್ಟಿ ಕುತ್ತಿಗೆ ಮುಂದಕ್ಕೆ ಜಗ್ಗದಂತೆ ಹಿಡಿಯುತ್ತದೆ. ಇದನ್ನೆಲ್ಲ ಕೈಸನ್ನೆಯಲ್ಲೇ ತೋರಿಸಿದ. ಹುಡುಗ ಬೆಸುಗೆಯ ಫೋಟೋ ತೆಗೆದುಕೊಂಡ, ಒಂದಲ್ಲ, ನಲವತ್ತು. ರೇಸಿನ ಫೋಟೋ ಎರಡೋ ಮೂರೋ. ಆವಾಗಾವಾಗ ಅವನ ಕೈ ತನ್ನ ಕೊರಳೆಲುಬಿನ ಮೇಲೆ ಹೋಗುತ್ತಿತ್ತು.

ಸಂಜೆ ಎಲ್‌ಜಿಬಿ ಪ್ರಶಸ್ತಿ ಬೆಂಗಳೂರಿನ ತಿಜಿಲ್ ರಾವ್‌ಗೆ ಹೋಯಿತು. ಬೈಕುಗಳ ಕಡೆ ಹುಬ್ಬಳ್ಳಿಯ ಅನೀಶ್ ಶೆಟ್ಟಿ ಹೆಸರು ಮೈಕಿನಲ್ಲಿ ಕೇಳಿದಾಗ ಇಬ್ಬರೂ ಎದ್ದು ನಿಂತೆವು. ರಾಯಲ್ ಎನ್‌ಫೀಲ್ಡ್ ಜಿಟಿ ಕಪ್ ಗೆದ್ದ ಹೆಸರು ಅದು. ಹುಬ್ಬಳ್ಳಿ ಅಂದರೆ ನಮ್ಮ ಕಡೆಯದೇ ಅಲ್ಲವೇ, ಕಲಬುರಗಿಯಿಂದ ಎಷ್ಟೇ ದೂರ ಇದ್ದರೂ.

ಊರಿಗೆ ಬಂದು ಅಪ್ಪನಿಗೆ ಲೆಕ್ಕ ಒಪ್ಪಿಸಿದೆವು. ತರಬೇತಿ ಶಾಲೆ ಕೊಯಮತ್ತೂರಿನಲ್ಲಿ ಸಿಗುತ್ತದೆ. ಆಮೇಲೆ ರಾಷ್ಟ್ರೀಯ ಸಂಸ್ಥೆ ಎಫ್‌ಎಂಎಸ್‌ಸಿಐ ಕೊಡುವ ಲೈಸೆನ್ಸ್, ಡಾಕ್ಟರ ಸರ್ಟಿಫಿಕೇಟ್. ಇಷ್ಟು ಹೇಗೋ ಆದೀತು. ಆಮೇಲಿನ ಸೀಸನ್ನಿಗೆ ಲಕ್ಷಗಟ್ಟಲೆ, ಅದರ ಮೇಲಿನ ಮೆಟ್ಟಿಲಿಗೆ ಕೋಟಿಗಟ್ಟಲೆ. 2011ರಲ್ಲಿ ಫೋರ್ಸ್ ಇಂಡಿಯಾ ತಂಡ ದೇಶ ತುಂಬ ಹುಡುಕಿ ಆರಿಸಿದ ಅರ್ಜುನ್ ಮೈನಿ ಬೆಂಗಳೂರಿನವನು. ಅವನ ತಮ್ಮ ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಮೊನಾಕೊದಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದ. ಆದರೆ ಆ ಮನೆ ವಾಹನದ ಬಿಡಿಭಾಗ ಮಾಡುವ ಉದ್ಯಮಿಗಳದ್ದು. ಅವರ ಶ್ರಮ ಸುಳ್ಳಲ್ಲ. ಕಮಲಾಪುರದಲ್ಲಿ ಅಂಥ ಮನೆ ಇಲ್ಲ ಅನ್ನುವುದೂ ಸುಳ್ಳಲ್ಲ.

ಅಪ್ಪ ನಕ್ಕರು. “ಹೊಲ ಮಾರಿದ್ರ ಎಷ್ಟು ರೇಸ್ ಆಗ್ತಾವ್ರೀ?”

ನಾವು ಹೇಳಲಿಲ್ಲ. ಹುಡುಗನೇ ಹೇಳಿದ: “ಮಾರಬ್ಯಾಡಪ್ಪ.”

ಇದನ್ನೆಲ್ಲ ಪೇಪರಿಗೆ ಬರೆದು ಕಳಿಸಿದೆವು. ತಿದ್ದುಪಡಿ ಅಂತಲ್ಲ, ಮುಂದಿನ ಭಾಗ ಅಂತ. ‘ಜಿಲ್ಲೆಗೆ ಸಂಬಂಧಿಸಿದ್ದಲ್ಲ’ ಅಂತ ವಾಪಸ್ ಬಂತು. ಶೂಮಾಕರ್ ಮಾತ್ರ ಜಿಲ್ಲೆಗೆ ಸಂಬಂಧಿಸಿದವನಾಗಿದ್ದ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ.

ಹುಡುಗ ಈಗ ಐಟಿಐನಲ್ಲಿ ಮೋಟಾರ್ ಮೆಕ್ಯಾನಿಕ್ ಓದುತ್ತಿದ್ದಾನೆ, ಸಂಜೆ ಗ್ಯಾರೇಜ್ ಕೆಲಸ. ಕಿಚ್ಚ ಸುದೀಪ್ 2025ರಲ್ಲಿ ಬೆಂಗಳೂರು ರೇಸಿಂಗ್ ತಂಡ ಕೊಂಡ ಸುದ್ದಿ ಬಂದ ದಿನ ಊರ ಗುಂಪುಗಳಲ್ಲೆಲ್ಲ ಅದೇ ಫೋಟೋ. ಹಳೆಯ ಕಟಿಂಗನ್ನೂ ಯಾರೋ ಹುಡುಕಿ ತೆಗೆದು ಸುದೀಪ್‌ಗೆ ಟ್ಯಾಗ್ ಮಾಡಿದರು. ಹುಡುಗನಿಂದ ನಮಗೆ ಬಂದ ಮೆಸೇಜ್ ಇಷ್ಟು: “ಅಣ್ಣಾ, ತಂಡ ಅಂದ್ರ ಮೆಕ್ಯಾನಿಕ್ ಬೇಕಾಗ್ತಾರಲ್ಲ. ಯಾರಿಗೆ ಕೇಳ್ಬೇಕು?”

ಕೇಳುತ್ತಿದ್ದೇವೆ. ಇನ್ನೂ ಯಾರೂ ಫೋನ್ ಎತ್ತಿಲ್ಲ.

ಕಳೆದ ವಾರ ಕಮಲಾಪುರಕ್ಕೆ ಹೋಗಿದ್ದೆವು. ಬೇವಿನ ಮರದ ಕೆಳಗೆ ಆ ಕಾರು ಹಾಗೇ ನಿಂತಿದೆ. ಸೀಟಿನ ಹಿಂದೆ ಹೊಸ ಕಮಾನು, ಎರಡು ಕಡೆ ಆಸರೆ ಪೈಪ್, ಬೆಸುಗೆ ನೀಟಾಗಿದೆ. ಈ ಸಲ ಬ್ರೇಕ್ ಕೇಳಿದೆವು. ನಾಲ್ಕೂ ಗಾಲಿಗೆ ಹಾಕಿದ್ದೇನೆ ಅಂದ. ಓಡಿಸಿ ನೋಡಿದೆಯಾ ಅಂದರೆ ತಲೆ ಅಲ್ಲಾಡಿಸಿ ಮನೆ ಕಡೆ ಕೈ ತೋರಿಸಿದ. ಬ್ಯಾಟರಿ ಅಪ್ಪನ ಮಂಚದ ಕೆಳಗಿದೆ.