ತಟ್ಟೆ ಎರಡು, ಲೋಟ ಎರಡು

ಪರವೂರಿಗೆ ಹೋದರೆ ಉಳಿಯುವುದೆಲ್ಲಿ ಎಂಬ ಚಿಂತೆ ನಮ್ಮ ಹಿರಿಯರಿಗೆ ಇರಲಿಲ್ಲ. ನೆಂಟರು ಯಾರಾದರೂ ಇದ್ದೇ ಇರುತ್ತಿದ್ದರು. ಮುಂಬಯಿಯಂಥ ಮುಂಬಯಿಯಲ್ಲೂ ಒಂದೇ ಖೋಲಿಯ ಸಂಸಾರದವರು ಊರಿನಿಂದ ಬಂದವರಿಗೆ ಬಾಗಿಲ ಬಳಿ ಚಾಪೆ ಹಾಸಿಕೊಡುತ್ತಿದ್ದರು. ನೆಂಟರ ಪ್ರೀತಿ ಈಗ ಕಡಿಮೆಯಾಗಿದೆ ಎಂದು ನಾನು ಹೇಳುವುದಿಲ್ಲ. ಆದರೆ ಗಂಡ ಹೆಂಡತಿ ಇಬ್ಬರೂ ಬೆಳಗಾದರೆ ಲೋಕಲ್ ಹಿಡಿಯಲು ಓಡುವ ಮನೆಯಲ್ಲಿ ನಾಲ್ಕು ದಿನ ಹೋಗಿ ಕುಳಿತರೆ ಅವರಿಗೂ ಕಷ್ಟ, ನಮಗೂ ಮುಜುಗರ.

ಹಾಗಾಗಿ ಕಳೆದ ವರ್ಷ ತಂಗಿಯ ಮಗಳ ಮದುವೆಗೆ ಬಟ್ಟೆ ತೆಗೆಯಲು ನಾವಿಬ್ಬರೂ ಹೊರಟಾಗ, ಮದುಮಗಳೇ ಫೋನಿನಲ್ಲಿ ಮಾಟುಂಗಾದಲ್ಲಿ ನಾಲ್ಕು ದಿನದ ಮಟ್ಟಿಗೆ ಒಂದು ಚಿಕ್ಕ ಮನೆ ಗೊತ್ತುಮಾಡಿದಳು. ಹೋಟೆಲಿನ ಬಾಡಿಗೆಯಲ್ಲಿ ಅರ್ಧವೂ ಇಲ್ಲ. ಕುಮಟೆಯಲ್ಲಿ ಮತ್ಸ್ಯಗಂಧಾ ಹತ್ತಿದರೆ ಬೆಳಿಗ್ಗೆ ಕುರ್ಲಾ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗುವ ಮೊದಲು ಇದೇ ಪ್ರಯಾಣಕ್ಕೆ ಬಸ್ಸಿನಲ್ಲಿ ಮೈಕೈ ನೋಯಿಸಿಕೊಂಡವರು ನಾವು.

ಮನೆ ಮೂರನೆಯ ಮಹಡಿಯಲ್ಲಿ. ಲಿಫ್ಟ್ ಇಲ್ಲ, ಟಿ.ವಿ. ಇಲ್ಲ, ಟವೆಲ್ಲೂ ನಮ್ಮದೇ ತರಬೇಕು. ಒಂದು ಕೋಣೆ, ಒಂದು ಅಡಿಗೆಕಟ್ಟೆ, ಒಂದು ಬಚ್ಚಲು. ಗೋಡೆಗೆ ಅಂಟಿಸಿದ ಒಂದು ಪಟ್ಟಿ: ತಟ್ಟೆ ಎರಡು, ಲೋಟ ಎರಡು, ಕುಕ್ಕರ್ ಒಂದು, ಬಾಣಲೆ ಒಂದು, ಚಾಕು ಒಂದು, ಬಕೆಟ್ ಒಂದು. ಬಿಡುವಾಗ ಎಣಿಸಿ ಒಪ್ಪಿಸಬೇಕು.

ಆ ಪಟ್ಟಿ ಓದಿ ನಾವಿಬ್ಬರೂ ಮಾತಾಡಲಿಲ್ಲ. ಕಾರಣವಿತ್ತು. ಅಮ್ಮ ತೀರಿಕೊಂಡು ಆಗ ಒಂದೂವರೆ ವರ್ಷ. ಊರ ಮನೆ ಮಾರುವುದೆಂದು ತಮ್ಮ ನಿಶ್ಚಯಿಸಿದ್ದ. ಪಾತ್ರೆಪಗಡಗಳನ್ನು ಮೂವರೂ ಹಂಚಿಕೊಳ್ಳಬೇಕಿತ್ತು. ಅದಕ್ಕೊಂದು ಪಟ್ಟಿಯಾಗಿತ್ತು, ಫುಲ್‌ಸ್ಕೇಪ್ ಹಾಳೆಯಲ್ಲಿ ನಾಲ್ಕು ಪುಟ. ತಾಮ್ರದ ಹಂಡೆ, ಹಿತ್ತಾಳೆ ಕೊಪ್ಪರಿಗೆ, ಚರಿಗೆ, ತಪ್ಪಲೆ, ದೀಪದ ಕಂಬ. ದೊಡ್ಡ ಹಂಡೆ ಯಾರಿಗೆ ಎಂಬಲ್ಲಿ ಮಾತು ಬೆಳೆದು ನಿಂತಿತ್ತು. ಆಮೇಲೆ ನಾನೂ ತಂಗಿಯೂ ಮದುವೆಯ ವಿಷಯ ಬಿಟ್ಟು ಬೇರೇನೂ ಆಡುತ್ತಿರಲಿಲ್ಲ.

ಇಬ್ಬರ ನಡುವೆ ಒಂದು ಬಕೆಟ್ಟಿದ್ದರೆ ಮಾತಾಡದೆ ನಡೆಯುವುದಿಲ್ಲ. ನೀರು ಬೆಳಗಿನ ಜಾವ ಎರಡು ತಾಸು ಮಾತ್ರ. ಅಷ್ಟರಲ್ಲಿ ಡ್ರಮ್ ತುಂಬಿಕೊಳ್ಳಬೇಕು. ತಂಗಿ ನೀರು ಹಿಡಿಯುವಳು, ನಾನು ಚಹಾಕ್ಕೆ ಇಡುವೆ. ಇರುವುದೊಂದೇ ಕುಕ್ಕರ್, ಅನ್ನವಾದ ಮೇಲೇ ಬೇಳೆ. ಎರಡೇ ತಟ್ಟೆಯಾದ್ದರಿಂದ ಉಂಡ ಕೂಡಲೇ ತೊಳೆದಿಡಬೇಕು. ಮುಸುರೆ ರಾಶಿ ಬೀಳುವ ಪ್ರಶ್ನೆಯೇ ಇಲ್ಲ.

ಮಾಟುಂಗಾ ನಮಗೆ ಪರಸ್ಥಳವೆನಿಸಲಿಲ್ಲ. ಪೇಟೆಯಲ್ಲಿ ಬಾಳೆಎಲೆ, ಕರಿಬೇವು, ಮಲ್ಲಿಗೆ, ಕಾಫಿಪುಡಿ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇಲ್ಲಿಯೇ. ಸ್ಟೇಷನ್ ಪಕ್ಕದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ, 1942ರಿಂದ ಊಟ ಬಡಿಸುತ್ತ ಬಂದ ಆ ಜಾಗದಲ್ಲಿ, ಒಂದು ಮಧ್ಯಾಹ್ನ ಬಾಳೆಎಲೆಯ ಊಟ ಮಾಡಿದೆವು. ಸ್ಟೇಷನ್ನಿನದೂ ಒಂದು ಹೆಚ್ಚುಗಾರಿಕೆ: 2017ರಲ್ಲಿ, ದೇಶದಲ್ಲೇ ಮೊದಲಿಗೆ, ಅದರ ಸಿಬ್ಬಂದಿಯೆಲ್ಲ ಹೆಂಗಸರೇ ಆದರು. ಅಲ್ಲಿಂದ ಒಂದೇ ನಿಲ್ದಾಣ ದಾದರ್. ಮುಂದೆ ಹಿಂದ್‌ಮಾತಾದ ಬಟ್ಟೆ ಅಂಗಡಿಗಳ ಸಾಲು.

ಮೂರನೆಯ ರಾತ್ರಿ ಕಾಲು ನೋಯುತ್ತಿದ್ದುದರಿಂದ ಹೊರಗೆ ಹೋಗದೆ ಅನ್ನ, ತಂಬುಳಿ ಮಾಡಿಕೊಂಡೆವು. ಮಜ್ಜಿಗೆಗೆ ಕಡೆಗೋಲಿಲ್ಲ, ತಂಗಿ ಮೊಸರನ್ನು ಲೋಟದಲ್ಲಿ ಹಾಕಿ ಚಮಚದಿಂದ ತಿರುವುತ್ತಿದ್ದಳು. ಹಾಗೆ ತಿರುವುತ್ತಲೇ ಕೇಳಿದಳು.

“ಅಕ್ಕಾ, ಅಮ್ಮನ ಕಡೆಗೋಲು ಯಾರಿಗೆ ಬರೆದದ್ದು?”

“ಅದು ಪಟ್ಟಿಯಲ್ಲೇ ಇಲ್ಲ ಮಾರಾಯ್ತಿ.”

“ಹಾಗಾದರೆ ಹಂಡೆ ನೀನೇ ಇಟ್ಟುಕೋ. ಕಡೆಗೋಲು ನನಗೆ ಕೊಟ್ಟರೆ ಸಾಕು.”

ಒಂದು ಕ್ಷಣ ನನ್ನ ಗಂಟಲು ಕಟ್ಟಿತು. ನನಗೂ ಬೇಕಾಗಿದ್ದುದು ಅದೇ. ಕಂಬಕ್ಕೆ ಹಗ್ಗ ಸುತ್ತಿ ಅಮ್ಮ ಮಜ್ಜಿಗೆ ಕಡೆಯುವಾಗ ಬೆಣ್ಣೆಗೆ ಕೈಚಾಚಿ ಕುಳಿತವರು ಇಬ್ಬರೂ ಅಲ್ಲವೆ? ಪೇಟೆಯಲ್ಲಿ ಬೆಲೆಯಿಲ್ಲದ ಮರದ ತುಂಡೆಂದು ಯಾರೂ ಅದನ್ನು ಬರೆದಿರಲಿಲ್ಲ. ಹಂಡೆಯನ್ನಾದರೆ ತೂಕಕ್ಕೆ ಹಾಕಿ ದುಡ್ಡು ಹಂಚಬಹುದು. ಕಡೆಗೋಲನ್ನು ಹೇಗೆ ಹಂಚುವುದು? “ನೀನೇ ತೆಗೆದುಕೋ” ಎಂದೆ. ಸುಲಭವಾಗಿ ಹೇಳಿದೆನೆಂದರೆ ಸುಳ್ಳಾದೀತು. ಅವಳು ಏನೂ ಹೇಳದೆ ಮಜ್ಜಿಗೆಯ ಲೋಟವನ್ನು ಮೊದಲು ನನ್ನ ಕಡೆಗೆ ಸರಿಸಿದಳು. ಆ ರಾತ್ರಿ ಬಹಳ ಹೊತ್ತು ಅಮ್ಮನ ಸುದ್ದಿಯೇ ಆಡಿದೆವು.

ಹಂಡೆಯನ್ನು ಕೊನೆಗೆ ತಮ್ಮನಿಗೇ ಬಿಟ್ಟೆವು. ಕಡೆಗೋಲು ತಂಗಿಯ ಮನೆಯ ಅಡಿಗೆಕೋಣೆಯಲ್ಲಿ ಮೊಳೆಗೆ ತೂಗುತ್ತಿದೆ. ಅವಳಾದರೂ ಮಜ್ಜಿಗೆ ಕಡೆಯುವುದು ಮಿಕ್ಸಿಯಲ್ಲೇ. ಹೋದಾಗಲೆಲ್ಲ ನಾನೊಮ್ಮೆ ಅದನ್ನು ಮುಟ್ಟಿ ನೋಡುತ್ತೇನೆ. ಅವಳು ನೋಡಿಯೂ ನೋಡದಂತೆ ಚಹಾಕ್ಕೆ ನೀರಿಡುತ್ತಾಳೆ.